ಮಧ್ಯದಲ್ಲಿ ಇಳಿಯುವ ಹಕ್ಕು

ಕಲಂ ಮಾವನಿಗೆ ಆ ಬೆಳಗ್ಗೆ ಹೊಳೆದ ಉಪಾಯ ಎಷ್ಟು ದೊಡ್ಡದಾಗಿತ್ತೆಂದರೆ, ಅದು ಬಚ್ಚಲುಮನೆಯೊಳಗೆ ಹಿಡಿಸಲಿಲ್ಲ. ಅರ್ಧ ಗಡ್ಡ ಹೆರೆದು, ಉಳಿದರ್ಧಕ್ಕೆ ಸೋಪಿನ ನೊರೆ ಮೆತ್ತಿಕೊಂಡೇ ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಪಟ್ಟಕ್ಕೇರಿದ ಅರಸರು ಮೊದಲ ಆಜ್ಞೆ ಹೊರಡಿಸುವ ಗತ್ತಿನಲ್ಲಿ, “ನಾವು ದಾರೀಲಿ ಇಳೀತೀವಿ” ಎಂದರು.

ಅವರ ಹೆಂಡತಿ ಒಲೆಯ ಮೇಲಿನ ಹಾಲಿನಿಂದ ಕಣ್ಣು ತೆಗೆಯಲಿಲ್ಲ. “ಯಾಕೆ, ರೈಲು ಕೆಟ್ಟು ನಿಲ್ಲುತ್ತಂತಾ?”

“ಕೆಟ್ಟು ನಿಲ್ಲೋದಲ್ಲ. ನಾವಾಗೇ ಇಳಿಯೋದು. ಹಕ್ಕಿನಿಂದ ಇಳಿಯೋದು. ಅದಕ್ಕೊಂದು ಕಲಂ ಇದೆ.”

‘ಕಲಂ’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಆಕೆ ತಿರುಗಿ ನೋಡಿದರು. ಆ ಗಳಿಗೆಯನ್ನೇ ಕಾಯುತ್ತಿದ್ದ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.

ಮಾವನಿಗೆ ಆ ಹೆಸರು ಬಂದದ್ದು ಸುಮ್ಮನೆ ಅಲ್ಲ. ನಗರಸಭೆಯ ನಾಯಿ ಪರವಾನಗಿ ವಿಭಾಗದಲ್ಲಿ ಗುಮಾಸ್ತರಾಗಿ ಸೇರಿ, ಅದೇ ವಿಭಾಗದ ಅದೇ ಕುರ್ಚಿಯಿಂದ ನಿವೃತ್ತರಾದವರು ಅವರು. ಕುರ್ಚಿಯನ್ನು ಕಚೇರಿಯಲ್ಲೇ ಬಿಟ್ಟು ಬಂದರೇ ಹೊರತು ಕಲಮುಗಳನ್ನು ಬಿಟ್ಟು ಬರಲಿಲ್ಲ. ಅವರಿರುವ ಮೂರಂತಸ್ತಿನ ಕಟ್ಟಡದಲ್ಲಿ ಮೆಟ್ಟಿಲ ಮೇಲೆ ಯಾರಾದರೂ ಸೈಕಲ್ಲು ನಿಲ್ಲಿಸಿದರೂ, ಮೇಲಿನ ಮನೆಯವರು ಹಿಂಡದ ಬಟ್ಟೆಯನ್ನು ಹಾಗೇ ಒಣಹಾಕಿದರೂ, ಮಾವ ಬಾಗಿಲು ತೆರೆದು ಹೊರಬಂದು, “ಅದಕ್ಕೊಂದು ಕಲಂ ಇದೆ” ಎನ್ನುತ್ತಿದ್ದರು. ಸೂರ್ಯ ಮೂಡುವುದೂ ಯಾವುದೋ ಒಂದು ಕಲಮಿನ ಅಡಿಯಲ್ಲೇ ಎಂದು ಅವರ ನಂಬಿಕೆ. (ಮೋಡ ಮುಸುಕಿದ ದಿನಗಳಿಗೆ ಉಪಕಲಂ ಇದ್ದೀತು.) ಕಟ್ಟಡದ ಚಿಕ್ಕವರು ದೊಡ್ಡವರೆಲ್ಲ ಅವರನ್ನು ಕಲಂ ಮಾವ ಎಂದೂ, ಅವರ ಹೆಂಡತಿಯನ್ನು ಬರಿಯ ಅತ್ತೆ ಎಂದೂ ಕರೆಯುತ್ತಿದ್ದರು. ಅತ್ತೆಗೆ ವಿಶೇಷಣ ಬೇಕಿರಲಿಲ್ಲ. ಮಾವನನ್ನು ಕಟ್ಟಿಕೊಂಡು ಇಷ್ಟು ವರ್ಷ ಬಾಳಿದ್ದೇ ಅವರ ವಿಶೇಷ.

ಈಗ ನಡೆಯುತ್ತಿದ್ದ ಮಾತು ಮಗಳ ಊರಿಗೆ ಹೋಗುವುದರ ಬಗ್ಗೆ. ಮಗಳ ಊರು ರೈಲು ಹಳಿಯ ಆ ಕೊನೆಯಲ್ಲಿ; ಒಂದು ಹಗಲು, ಒಂದು ರಾತ್ರಿ, ಮತ್ತೆ ಒಂದು ಹಗಲಿನ ಪ್ರಯಾಣ. ಹೊರಡಲು ಇನ್ನೂ ಒಂದು ವಾರವಿತ್ತು. ಆದರೂ ಮಾವ ಆಗಲೇ ರೈಲಿನವರ ನಿಯಮಗಳ ಕಿರುಹೊತ್ತಗೆಯನ್ನು ತರಿಸಿಕೊಂಡು, ಉಳಿದವರು ಪತ್ತೇದಾರಿ ಕಾದಂಬರಿ ಓದುವಂತೆ, ಮುಂದೇನಾಗುವುದೋ ಎಂಬ ಕಾತರದಿಂದ ಓದಿ ಮುಗಿಸಿದ್ದರು.

ಸಿಕ್ಕಿದ ಕಲಂ ಇಷ್ಟು: ದೂರದ ಊರಿಗೆ ಟಿಕೆಟ್ಟು ಕೊಂಡವರು ದಾರಿಯಲ್ಲಿ ಒಂದು ಸಲ, ಒಂದೇ ಒಂದು ಸಲ, ತಮಗೆ ಬೇಕಾದ ಸ್ಟೇಷನ್ನಿನಲ್ಲಿ ಇಳಿದು ಎರಡು ದಿನ ಇರಬಹುದು, ಆಮೇಲೆ ಅದೇ ಟಿಕೆಟ್ಟಿನಲ್ಲಿ ಮುಂದೆ ಹೋಗಬಹುದು. ಷರತ್ತುಗಳು ಎರಡು. ಹೊರಟ ಊರಿನಿಂದ ಇಂತಿಷ್ಟು ದೂರ ಕಳೆಯುವ ತನಕ ಇಳಿಯುವ ಹಾಗಿಲ್ಲ. ಇಳಿದವರು ಆ ಕೂಡಲೇ ಸ್ಟೇಷನ್ ಮಾಸ್ತರರ ಕೋಣೆಗೆ ಹೋಗಿ ಟಿಕೆಟ್ಟಿನ ಬೆನ್ನಿಗೆ ಮುದ್ರೆ ಹಾಕಿಸಿಕೊಳ್ಳಬೇಕು.

“ಮುದ್ರೆ ಇಲ್ಲದ ಟಿಕೆಟ್ಟು ಸತ್ತ ಟಿಕೆಟ್ಟು” ಎಂದು ಮಾವ ವಿವರಣೆ ಮುಗಿಸಿದರು. ಅಷ್ಟರಲ್ಲಿ ನೊರೆ ಕೆನ್ನೆಯ ಮೇಲೆ ಒಣಗಿ ಬಿರುಕು ಬಿಟ್ಟಿತ್ತು.

ಅತ್ತೆ ಒಲೆ ಒರೆಸುವ ಬಟ್ಟೆಯನ್ನು ಕೆಳಗಿಟ್ಟರು. ಅವರ ಮುಖ ಅರಳಿತು. ಮದುವೆಯಾದಂದಿನಿಂದ ಯಾವ ಕಲಮಿಗೂ ಹಾಗೆ ಅರಳದ ಮುಖ ಅದು.

“ಹಾಗಾದ್ರೆ ತಂಗಿ ಮನೇಲಿ ಎರಡು ದಿನ ಇದ್ದು ಹೋಗಬಹುದು.”

ಮಾವ ಇಳಿಯಬೇಕೆಂದಿದ್ದದ್ದು ಅಲ್ಲಲ್ಲ. ಅತ್ತೆಯ ತಂಗಿಯ ಊರು ದಾಟಿ ಇನ್ನಷ್ಟು ದೂರ ಹೋದರೆ ಅವರ ಹಳೆಯ ಮೇಲಧಿಕಾರಿಗಳು ನಿವೃತ್ತರಾಗಿ ನೆಲಸಿದ್ದ ಊರು ಬರುತ್ತದೆ. ಬೀಳ್ಕೊಡುಗೆಯ ದಿನ ಆ ಮೇಲಧಿಕಾರಿಗಳು ಮಾವನ ಕೈಹಿಡಿದು, “ನಿಮ್ಮಂಥವರು ಇನ್ನೊಬ್ಬರು ಸಿಗಲಾರರು” ಎಂದಿದ್ದರು. ಇಡೀ ನೌಕರಿಯಲ್ಲಿ ಮಾವನಿಗೆ ಸಿಕ್ಕ ಹೊಗಳಿಕೆ ಅದೊಂದೇ. ಅದನ್ನು ಇನ್ನೊಂದು ಸಲ ಕೇಳಿ ಬರಬೇಕೆಂಬುದು ಅವರ ಬಹುದಿನದ ಆಸೆ. ಇಳಿಯುವ ಹಕ್ಕು ಒಂದೇ ಒಂದು. ಅದನ್ನು ತಂಗಿಯ ಊರಿನಲ್ಲಿ ಖರ್ಚು ಮಾಡಿದರೆ ಹೊಗಳಿಕೆಗೆ ಎಳ್ಳುನೀರು.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ತಂಗಿಯ ಗಂಡ, ಅಂದರೆ ಮಾವನ ಷಡ್ಡಕ, ಹಲ್ಲಿನ ಡಾಕ್ಟರು. ಮೊದಲು ಅವರೂ ಇದೇ ಊರಿನಲ್ಲಿ ಇದ್ದವರೇ. ಒಂದು ನಾಯಿಮರಿ ಸಾಕಿ, ಪರವಾನಗಿಗೆ ಅರ್ಜಿ ಹಾಕಿದ್ದರು. ಭಾವನೇ ಗುಮಾಸ್ತರು, ಕೆಲಸ ನೀರು ಕುಡಿದಷ್ಟು ಸಲೀಸು ಎಂದುಕೊಂಡಿದ್ದರು. ಆದರೆ ಅರ್ಜಿಯಲ್ಲಿ ‘ಬಾಲದ ಉದ್ದ’ ಎಂಬ ಅಂಕಣ ಖಾಲಿ ಇತ್ತು. ಆ ನಾಯಿಗೆ ಹುಟ್ಟಿನಿಂದಲೇ ಬಾಲವಿರಲಿಲ್ಲ. ಇಲ್ಲದ ಬಾಲಕ್ಕೆ ‘ಇಲ್ಲ’ ಎಂದು ಬರೆಯಬೇಕಲ್ಲದೆ ಖಾಲಿ ಬಿಡುವಂತಿಲ್ಲ ಎಂದು ಮಾವ ಅರ್ಜಿಯನ್ನು ಅಂಚೆಯಲ್ಲಿ ಹಿಂದಕ್ಕೆ ಕಳಿಸಿದರು. (ಷಡ್ಡಕರ ಮನೆ ಎದುರು ಬೀದಿಯಲ್ಲೇ ಇತ್ತು, ಆದರೆ ಕೈಯಲ್ಲಿ ಕೊಡಲು ಕಲಂ ಇರಲಿಲ್ಲ.) ‘ಇಲ್ಲ’ ಎಂದು ಬರೆದು ತರುವಷ್ಟರಲ್ಲಿ ಗಡುವು ದಾಟಿತ್ತು. ಷಡ್ಡಕರು ಮರಿಯನ್ನೂ ಎತ್ತಿಕೊಂಡು ಕಚೇರಿಗೇ ಬಂದು, ಒಂದು ದಿನದ ಮಟ್ಟಿಗೆ ದಯೆ ತೋರಿಸಿ ಎಂದು ಕೇಳಿಕೊಂಡರು. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, “ದಯೆಗೆ ಕಲಂ ಇಲ್ಲ” ಎಂದರು. ಆ ರಾತ್ರಿಯನ್ನು ನಾಯಿಮರಿ ನಗರಸಭೆಯ ದೊಡ್ಡಿಯಲ್ಲಿ ಕಳೆಯಿತು. ತಂಗಿಯ ಮನೆಯವರೆಲ್ಲ ಊಟ ಬಿಟ್ಟು ಅತ್ತರು. ಮುಂದಿನ ತಿಂಗಳೇ ಡಾಕ್ಟರು ತಮ್ಮ ಕುರ್ಚಿ, ಇಕ್ಕಳ, ಹೆಂಡತಿ, ನಾಯಿ ಎಲ್ಲವನ್ನೂ ಕಟ್ಟಿಕೊಂಡು ಬೇರೆ ಊರಿಗೆ ಹೋಗಿ ದವಾಖಾನೆ ತೆರೆದರು.

ಅಂದಿನಿಂದ ಅಕ್ಕತಂಗಿಯರ ಒಡನಾಟವೆಲ್ಲ ಫೋನಿನಲ್ಲಿ. ಅತ್ತೆ ವಾರಕ್ಕೊಮ್ಮೆ ಫೋನಿಗೆ ಕಿವಿಯಾನಿಸಿ ಕೂತರೆ ಮಾವ ಪೇಪರು ಹಿಡಿದು ಪಕ್ಕದ ಕೋಣೆಗೆ ಹೋಗುತ್ತಿದ್ದರು. ತಂಗಿಯನ್ನು ಕಣ್ಣಾರೆ ಕಂಡು ವರ್ಷಗಳೇ ಆದವು ಎಂದು ಅತ್ತೆ ಎಂದೂ ಬಾಯಿಬಿಟ್ಟು ದೂರಿರಲಿಲ್ಲ. ದೂರಿದ್ದರೆ ಮಾವನಿಗೆ ಅನುಕೂಲವಾಗುತ್ತಿತ್ತು, ವಾದ ಮಾಡಬಹುದಿತ್ತು.

ಈಗ ಆ ಅರಳಿದ ಮುಖದ ಎದುರು ನಿಂತು ಮಾವ ಒಂದು ಸಲ ಕೆಮ್ಮಿದರು. ಆಮೇಲೆ, ತಮ್ಮ ಜೀವಮಾನದಲ್ಲಿ ಮಾಡಿರದ ಒಂದು ಕೆಲಸವನ್ನು ಮಾಡಿದರು.

“ಅಲ್ಲಿ ಇಳಿಯೋ ಹಾಗಿಲ್ಲ. ಆ ಊರು ಇನ್ನೂ ದೂರದ ಮಿತಿಯೊಳಗೇ ಬರುತ್ತೆ. ಸ್ವಲ್ಪದರಲ್ಲಿ ತಪ್ಪಿಹೋಯ್ತು ನೋಡು.”

ನಿಜವಾಗಿ ತಂಗಿಯ ಊರು ಮಿತಿಯನ್ನು ಧಾರಾಳವಾಗಿ ದಾಟಿತ್ತು. ಆದರೆ ಅವರು ಆಡಿದ್ದು ಸುಳ್ಳಲ್ಲ, ವ್ಯಾಖ್ಯಾನ ಎಂದು ಮಾವ ಬಚ್ಚಲುಮನೆಗೆ ಮರಳಿ ಉಳಿದರ್ಧ ಗಡ್ಡ ಹೆರೆಯುತ್ತ ಕನ್ನಡಿಗೆ ಹೇಳಿಕೊಂಡರು. ಕನ್ನಡಿ ಒಪ್ಪಿದಂತೆ ಕಾಣಲಿಲ್ಲ. ಗಲ್ಲ ಒಂದು ಕಡೆ ಕೊಯ್ದುಕೊಂಡಿತು.

ಅತ್ತೆ ಜಗಳ ಆಡಲಿಲ್ಲ. ಕಲಂ ಇಲ್ಲವೆಂದರೆ ಇಲ್ಲ, ಅದಕ್ಕೆ ಯಾರೇನು ಮಾಡಲಾದೀತು ಎಂದು ಸುಮ್ಮನಾದರು. ಆ ಸಂಜೆ ಮಾತ್ರ ಫೋನಿನಲ್ಲಿ ತಂಗಿಯೊಂದಿಗೆ ಹೆಚ್ಚು ಹೊತ್ತು ಮಾತಾಡಿ, ಬಂದು ಮಾವನ ಎದುರಿಗೆ ಕೂತು, ರೈಲು ಆ ಊರಿನಲ್ಲಿ ಹತ್ತು ನಿಮಿಷ ನಿಲ್ಲುತ್ತದಂತೆ, ತಂಗಿ ಪ್ಲಾಟ್‌ಫಾರಮ್ಮಿಗೆ ಬರುತ್ತಾಳಂತೆ ಎಂದರು.

ಮಾವ ಹುಬ್ಬೇರಿಸಿದರು.

“ಇಳಿಯೋಕೆ ಕಲಂ ಇಲ್ಲ, ಸರಿ” ಎಂದರು ಅತ್ತೆ. “ಕಿಟಕಿಯಿಂದ ನೋಡೋಕೂ ಕಲಂ ಬೇಕಾ?”

ಬೇಕಿಲ್ಲ ಎಂದು ಮಾವ ಒಪ್ಪಬೇಕಾಯಿತು. ಆದರೆ ಆ ರಾತ್ರಿ ಅವರಿಗೆ ಊಟ ಯಾಕೋ ರುಚಿಸಲಿಲ್ಲ.

ಹೊರಡುವ ಹಿಂದಿನ ದಿನ ಅತ್ತೆ ರಸ್ಕು ಮಾಡಿದರು. ಬ್ರೆಡ್ಡಿನ ಹೋಳುಗಳನ್ನು ಒಲೆಯಲ್ಲಿ ಎರಡೆರಡು ಸಲ ಸುಟ್ಟು ಡಬ್ಬ ತುಂಬಿದರು. ಅರ್ಧ ಪ್ರಯಾಣಕ್ಕೆ, ಅರ್ಧ ಕಿಟಕಿಯಿಂದ ತಂಗಿಯ ಕೈಗೆ. ಅತ್ತೆಯ ರಸ್ಕು ಇಡೀ ಕಟ್ಟಡದಲ್ಲಿ ಹೆಸರುವಾಸಿ. ಅದನ್ನು ಚಹಾದಲ್ಲಿ ಅದ್ದಿ ತಿಂದರೆ ಬೆಣ್ಣೆ. ಅದ್ದದೆ ತಿಂದವರು ಯಾರೂ ಇರಲಿಲ್ಲ. ಕೆಳಮನೆಯವರು ಒಮ್ಮೆ ಅಲುಗಾಡುವ ಮೇಜಿನ ಕಾಲಿಗೆ ಒಂದನ್ನು ಕೊಟ್ಟು ನೋಡಿ, ಮತ್ತೆ ಬಡಗಿಯನ್ನು ಕರೆಸಿರಲಿಲ್ಲ.

ಪ್ರಯಾಣದ ಮೊದಲ ಹಗಲು ಸುಖವಾಗಿ ಕಳೆಯಿತು. ಎದುರು ಸೀಟಿನಲ್ಲಿ ಒಬ್ಬರು ಕಂಬಳಿ ವ್ಯಾಪಾರಿಗಳು, ಅವರ ಪಕ್ಕದಲ್ಲಿ ಹೆಣೆಯುವ ಕಡ್ಡಿ ಹಿಡಿದ ಒಬ್ಬ ನರ್ಸಮ್ಮ. ಮಾವ ಇಬ್ಬರಿಗೂ ಮಧ್ಯದಲ್ಲಿ ಇಳಿಯುವ ಹಕ್ಕಿನ ಬಗ್ಗೆ ಸವಿಸ್ತಾರವಾಗಿ ತಿಳಿಸಿದರು. ವ್ಯಾಪಾರಿಗಳು ಅರ್ಧಕ್ಕೇ ನಿದ್ದೆಹೋದರು. ನರ್ಸಮ್ಮ ಹೆಣಿಕೆಯ ಲೆಕ್ಕ ತಪ್ಪಿ ಎರಡು ಸಲ ಬಿಚ್ಚಿದರು. ಅತ್ತೆ ಮಾತ್ರ ಕಿಟಕಿಯ ಹೊರಗೆ ನೋಡುತ್ತ, ನಾಳೆ ಬೆಳಗ್ಗೆ ತಂಗಿಯ ಊರು ಬಂದಾಗ ಪ್ಲಾಟ್‌ಫಾರಂ ನಮ್ಮ ಕಡೆಗೇ ಬರುತ್ತದೋ ಆ ಕಡೆಗೋ ಎಂದು ಒಂದೇ ಪ್ರಶ್ನೆ ಕೇಳಿದರು. ಆಮೇಲೆ, ಯಾವ ಕಡೆಗಾದರೂ ಸರಿಯೆಂದು, ಎರಡೂ ಕಡೆಯ ಕಿಟಕಿಯವರನ್ನು ಮಾತಾಡಿಸಿ ಹತ್ತು ನಿಮಿಷ ಜಾಗ ಬಿಡಿ ಎಂದು ಒಪ್ಪಿಸಿ ಬಂದರು. ಮಾವನ ಮನಸ್ಸಿಗೆ ಮುಳ್ಳು ಚುಚ್ಚಿದಂತಾಯಿತು. ಮಗ್ಗುಲು ಬದಲಿಸಿದರು. ಮುಳ್ಳೂ ಬದಲಿಸಿತು.

ಮರುದಿನ ಬೆಳಗ್ಗೆ ಎದ್ದೊಡನೆ ಅವರಿಗೆ ಹಸಿವು. ಚಹಾದವನು ಇನ್ನೂ ಬಂದಿರಲಿಲ್ಲ.

“ರೀ, ಚಹಾ ಬರಲಿ. ಅದ್ದಿ ತಿನ್ನಿ” ಎಂದರು ಅತ್ತೆ.

ಅದ್ದಲೇಬೇಕೆಂದು ಎಲ್ಲಿಯೂ ಬರೆದಿಲ್ಲ ಎನ್ನುತ್ತ ಮಾವ ರಸ್ಕನ್ನು ಎಡದವಡೆಗೆ ಕೊಟ್ಟು ಬಲವಾಗಿ ಕಚ್ಚಿದರು. ಕಟಕ್ ಎಂಬ ಸದ್ದಾಯಿತು. ಕಂಬಳಿ ವ್ಯಾಪಾರಿಗಳು ನಿದ್ದೆಯಿಂದ ಎದ್ದು, ರೈಲಿಗೆ ಏನಾಯಿತು ಎಂದು ಕೇಳಿದರು. ರೈಲಿಗೆ ಏನೂ ಆಗಿರಲಿಲ್ಲ. ರಸ್ಕಿಗೂ ಏನೂ ಆಗಿರಲಿಲ್ಲ.

ಮಾವನ ದವಡೆಯ ಹಲ್ಲೊಂದು ಎರಡು ಹೋಳಾಗಿತ್ತು.

ನೋವೆಂದರೆ ಅಂಥಿಂಥ ನೋವಲ್ಲ. ಅದು ಹಲ್ಲಿನಲ್ಲಿ ಹುಟ್ಟಿ, ಕಿವಿಯಲ್ಲಿ ಬೆಳೆದು, ನೆತ್ತಿಯಲ್ಲಿ ಸಂಸಾರ ಹೂಡಿತು. ಅರ್ಧ ಗಂಟೆಯಲ್ಲಿ ಕೆನ್ನೆ ಊದಿ, ಅವರ ಮುಖ ಒಂದು ಕಡೆಯಿಂದ ಮಾವನದಾಗಿಯೂ ಇನ್ನೊಂದು ಕಡೆಯಿಂದ ಬೇರೆ ಯಾರೋ ದಪ್ಪನೆಯ ಗೃಹಸ್ಥರದಾಗಿಯೂ ಕಾಣತೊಡಗಿತು. ಬಾಯಿ ತೆರೆದರೆ ಗಾಳಿ ತಾಕಿ ಜೀವ ಹೋಗುವಂತಾಗುತ್ತಿತ್ತು. ಅವರು ಎರಡು ಕೈಯಲ್ಲೂ ಕೆನ್ನೆ ಹಿಡಿದು, ಬಾಯಿ ಮುಚ್ಚಿಕೊಂಡು ಕೂತರು. ರೈಲು ಡಬ್ಬಿಯಲ್ಲಿ ಮೊದಲ ಬಾರಿಗೆ ಶಾಂತಿ ನೆಲಸಿತು.

ನರ್ಸಮ್ಮ ಹೆಣಿಕೆ ಪಕ್ಕಕ್ಕಿಟ್ಟು ಪರೀಕ್ಷಿಸಿ, ಇದು ಮಾತ್ರೆಗೆ ಬಗ್ಗುವುದಲ್ಲ, ಮುಂದಿನ ದೊಡ್ಡ ಸ್ಟೇಷನ್ನಿನಲ್ಲಿ ಇಳಿದು ಹಲ್ಲಿನ ಡಾಕ್ಟರಿಗೆ ತೋರಿಸಿ ಎಂದರು. ಮುಂದಿನ ದೊಡ್ಡ ಸ್ಟೇಷನ್ನು ತಂಗಿಯ ಊರೇ.

ಅತ್ತೆಯ ಕಣ್ಣು ತುಂಬಿ ಬಂತು. “ಅಲ್ಲಿ ಹಲ್ಲಿನ ಡಾಕ್ಟರು ಬೇರೆ ಯಾರೂ ಅಲ್ಲಮ್ಮ, ನನ್ನ ತಂಗಿ ಗಂಡನೇ. ಆದರೆ ಏನು ಮಾಡೋದು, ಅಲ್ಲಿ ಇಳಿಯೋ ಹಾಗಿಲ್ಲ.”

“ಯಾಕೆ?”

“ಕಲಂ ಇಲ್ಲ. ಇವರೇ ಓದಿ ನೋಡಿದಾರೆ.”

ಹಲ್ಲಿಗೂ ಕಲಮಿಗೂ ಏನು ಸಂಬಂಧ, ಹೋಗಿ ಇಳೀರಿ ಎಂದರು ಕಂಬಳಿ ವ್ಯಾಪಾರಿಗಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನೆಟ್ಟಗೆ ಕೂತರು. ತಮ್ಮ ಗಂಡ ಇಡೀ ನೌಕರಿಯಲ್ಲಿ ಒಂದು ಕಲಮನ್ನೂ ಮೀರಿದವರಲ್ಲವೆಂದೂ, ಸ್ವಂತ ನಾದಿನಿಯ ನಾಯಿಯನ್ನು ದೊಡ್ಡಿಗೆ ಕಳಿಸಿದ ಧರ್ಮಾತ್ಮರೆಂದೂ, ಅಂಥವರು ಒಂದು ಜುಜುಬಿ ಹಲ್ಲಿಗೋಸ್ಕರ ನಿಯಮ ಮುರಿಯುವುದುಂಟೇ ಎಂದೂ, ಜೀವ ಹೋದರೂ ಮಗಳ ಊರಿನವರೆಗೆ ಹೀಗೇ ಹಲ್ಲುಕಚ್ಚಿ ಕೂರುವರೆಂದೂ ಅಭಿಮಾನದಿಂದ ಹೇಳಿದರು. ಡಬ್ಬಿಯವರೆಲ್ಲ ಗೌರವದಿಂದ ಮಾವನತ್ತ ನೋಡಿದರು.

ಹಲ್ಲುಕಚ್ಚುವ ಮಾತು ಕೇಳಿ ಮಾವನ ನೋವು ಇಮ್ಮಡಿಯಾಯಿತು. ಅವರು ತಲೆ ಅಡ್ಡಡ್ಡ ಆಡಿಸಿದರು. ಕಿಟಕಿಯತ್ತ ಕೈ ತೋರಿಸಿದರು. ಎದ್ದು ನಿಂತು, ಮೆಟ್ಟಿಲು ಇಳಿಯುವ ಅಭಿನಯ ಮಾಡಿದರು.

“ನೋಡಿ, ನೋಡಿ, ಇಳಿಯಲ್ಲ ಅಂತಿದಾರೆ” ಎಂದರು ಅತ್ತೆ.

ಅಷ್ಟರಲ್ಲಿ ಕರಿಯ ಕೋಟಿನ ಟಿ.ಸಿ. ಬಂದರು. ಅತ್ತೆ ಟಿಕೆಟ್ಟು ಕೊಟ್ಟು, ಸುಮ್ಮನೆ ಇರಲಾರದೆ, “ಸ್ವಾಮಿ, ಮುಂದಿನ ಸ್ಟೇಷನ್ನಲ್ಲಿ ಇಳಿಯೋಕೆ ಈ ಟಿಕೆಟ್ಟಲ್ಲಿ ಆಗಲ್ಲ ಅಲ್ವಾ?” ಎಂದು ಕೇಳಿದರು.

ಟಿ.ಸಿ. ಟಿಕೆಟ್ಟು ತಿರುಗಿಸಿ ನೋಡಿದರು. “ಯಾಕಾಗಲ್ಲ? ಧಾರಾಳವಾಗಿ ಇಳೀರಿ. ಎರಡು ದಿನ ಇದ್ದು ಹೋಗಿ.”

“ದೂರದ ಮಿತಿ…”

“ಅದು ನಿನ್ನೆ ಮಧ್ಯಾಹ್ನವೇ ದಾಟಿ ಹೋಯ್ತಲ್ಲಮ್ಮ. ಆಗಲ್ಲ ಅಂತ ಯಾರು ಹೇಳಿದ್ದು?”

ಅತ್ತೆ ನಿಧಾನವಾಗಿ ತಿರುಗಿ ಮಾವನನ್ನು ನೋಡಿದರು. ನರ್ಸಮ್ಮ ನೋಡಿದರು. ಕಂಬಳಿ ವ್ಯಾಪಾರಿಗಳು ನೋಡಿದರು. ಎರಡೂ ಕಡೆಯ ಕಿಟಕಿಯವರು ನೋಡಿದರು. ಮಾವ ಕಣ್ಣು ಮುಚ್ಚಿ ನಿದ್ದೆಹೋದಂತೆ ನಟಿಸಲು ನೋಡಿದರು; ಆದರೆ ನಿಂತುಕೊಂಡು, ಎರಡು ಕೈಯಲ್ಲೂ ಕೆನ್ನೆ ಹಿಡಿದು ನಿದ್ದೆಹೋಗುವವರನ್ನು ಯಾರು ನಂಬುತ್ತಾರೆ?

“ಓಹೋ” ಎಂದರು ಅತ್ತೆ.

ಅಷ್ಟೇ. ಸಂಸಾರದ ಇಷ್ಟು ವರ್ಷಗಳಲ್ಲಿ ಅತ್ತೆ ಮಾವನಿಗೆ ಅಂದ ಮಾತುಗಳನ್ನೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ಈ ಓಹೋವನ್ನು ಇನ್ನೊಂದು ತಟ್ಟೆಯಲ್ಲಿಟ್ಟರೆ, ಓಹೋವೇ ಕೆಳಗಿಳಿಯುತ್ತಿತ್ತು. ಆಕೆ ಎದ್ದು, ಒಂದೊಂದೇ ಸಾಮಾನು ಕೆಳಗಿಳಿಸತೊಡಗಿದರು. ರಸ್ಕಿನ ಡಬ್ಬವನ್ನು ಮಾತ್ರ ಅಷ್ಟರಲ್ಲಿ ಕುಸಿದು ಕೂತಿದ್ದ ಮಾವನ ತೊಡೆಯ ಮೇಲೆ, ಬೇಕೆಂದೇ, ಸ್ವಲ್ಪ ಭಾರವಾಗಿ ಇಟ್ಟರು.

ಪ್ಲಾಟ್‌ಫಾರಮ್ಮಿನಲ್ಲಿ ತಂಗಿ ಕಾದಿದ್ದಳು. ಜೊತೆಗೆ ಡಾಕ್ಟರು, ಅವರ ಜೊತೆಗೆ ನಾಯಿ. ಹತ್ತು ನಿಮಿಷದ ಕಿಟಕಿ ದರ್ಶನಕ್ಕೆಂದು ಬಂದವಳು, ಅಕ್ಕ ಗಂಟುಮೂಟೆ ಸಮೇತ ಇಳಿಯುವುದನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಆಮೇಲೆ ಇಬ್ಬರೂ ಏನೂ ಮಾತಾಡದೆ ಕೈ ಕೈ ಹಿಡಿದುಕೊಂಡು ನಿಂತರು. ವಾರಕ್ಕೊಮ್ಮೆ ಫೋನಿನಲ್ಲಿ ತಾಸುಗಟ್ಟಲೆ ಮಾತಾಡುವವರಿಗೆ ಈಗ ಒಂದು ಮಾತೂ ಸಿಗಲಿಲ್ಲ. ಮಾವ ಬೇರೆ ಕಡೆ ನೋಡಿದರು. ಅವರ ಕಣ್ಣಲ್ಲಿಯೂ ನೀರಿತ್ತು; ಅದು ಹಲ್ಲಿನದೇ ಎಂದು ಅವರು ಇಂದಿಗೂ ಹೇಳುತ್ತಾರೆ.

ಅವರನ್ನು ಮೊದಲು ಮಾತಾಡಿಸಿದ್ದು ನಾಯಿ. ಹತ್ತಿರ ಬಂದು ಮೂಸಿ, ಗುರುತು ಹಿಡಿದು, ಬಾಲವಿಲ್ಲದ್ದರಿಂದ ಇಡೀ ಹಿಂಭಾಗವನ್ನೇ ಆಡಿಸಿತು. ಆಮೇಲೆ ತಂಗಿ, “ಭಾವ, ಇದೇನು ನಿಮ್ಮ ಮುಖ ಹೀಗಾಗಿದೆ?” ಎಂದಳು. ಡಾಕ್ಟರು ಊದಿದ ಕೆನ್ನೆಯನ್ನು ದೂರದಿಂದಲೇ ನೋಡಿದರು. ಬಡಗಿಗೆ ಒಳ್ಳೆಯ ಮರ ಕಂಡಾಗ ಮುಖದಲ್ಲಿ ಬರುವಂಥ ಒಂದು ಕಳೆ ಅವರ ಮುಖದಲ್ಲಿ ಬಂತು.

ಎಲ್ಲರೂ ಹೊರಡುವಾಗ ಅತ್ತೆ ತಡೆದು, “ರೀ, ಮುದ್ರೆ ಹಾಕಿಸಬೇಕು ಅಂದಿದ್ರಲ್ಲ?” ಎಂದು ಕೇಳಿದರು. ನೋವು ಆಗ ನೆತ್ತಿಯಲ್ಲಿ ತಮಟೆ ಬಾರಿಸುತ್ತಿತ್ತು. ಮಾವ ಒಂದು ಕೈ ಎತ್ತಿ, ಮುದ್ರೆಯನ್ನೂ ಸ್ಟೇಷನ್ ಮಾಸ್ತರರನ್ನೂ ಇಡೀ ರೈಲು ಇಲಾಖೆಯನ್ನೂ ಒಟ್ಟಿಗೆ ಆಚೆ ತಳ್ಳುವಂತೆ ಬೀಸಿದರು. ಅತ್ತೆ ಆ ಬೀಸನ್ನು ಚೆನ್ನಾಗಿ ನೋಡಿಕೊಂಡರು.

ದವಾಖಾನೆಯಲ್ಲಿ ಡಾಕ್ಟರು ಕೈ ತೊಳೆದು, ಬಿಳಿಯ ಅಂಗಿ ತೊಟ್ಟು, ಭಾವನನ್ನು ಉದ್ದನೆಯ ಕುರ್ಚಿಯಲ್ಲಿ ಮಲಗಿಸಿ, ತಲೆಯ ಮೇಲೆ ದೀಪ ಹಚ್ಚಿದರು. ಆಮೇಲೆ ಅವಸರವಿಲ್ಲದೆ ಒಂದು ಚೀಟಿ ತೆಗೆದುಕೊಂಡು ವಿವರ ಬರೆಯಲು ಕೂತರು. ವಯಸ್ಸು ಕೇಳಿದರು, ಮಾವ ಬೆರಳಲ್ಲಿ ತೋರಿಸಿದರು. ಯಾವ ಹಲ್ಲು ಎಂದು ಕೇಳಿದರು, ಅದನ್ನೂ ತೋರಿಸಿದರು.

“ಬಾಲದ ಉದ್ದ?” ಎಂದರು ಡಾಕ್ಟರು.

ಮಾವ ಕಣ್ಣು ಬಿಟ್ಟರು.

“ಖಾಲಿ ಬಿಡೋ ಹಾಗಿಲ್ಲವಲ್ಲ ಭಾವನವರೇ. ‘ಇಲ್ಲ’ ಅಂತ ಬರಕೊಂಡಿದೀನಿ. ಈಗ ಬಾಯಿ ತೆಗೀರಿ.”

ಹೊರಗಿನ ಬೆಂಚಿನಲ್ಲಿ ಕೂತಿದ್ದ ತಂಗಿಗೆ ನಗು ತಡೆಯಲಾಗಲಿಲ್ಲ. ಅತ್ತೆಗೂ ತಡೆಯಲಾಗಲಿಲ್ಲ. ಅಕ್ಕತಂಗಿಯರು ಒಬ್ಬರ ಭುಜಕ್ಕೆ ಒಬ್ಬರು ಒರಗಿ ನಕ್ಕ ಸದ್ದು ಬಾಗಿಲಾಚೆಯಿಂದ ಕೇಳುತ್ತಿತ್ತು. ಬಾಯಿಯ ತುಂಬ ಹತ್ತಿ ಇದ್ದುದರಿಂದ ಮಾವನಿಗೆ ಯಾವ ಕಲಮನ್ನೂ ಎತ್ತಲಾಗಲಿಲ್ಲ.

ಆದರೆ ಡಾಕ್ಟರ ಕೈ ಹಗುರ. ನೋವು ಅಂದೇ ಅರ್ಧ ಇಳಿಯಿತು. ಒಡೆದ ಹಲ್ಲನ್ನು ಉಳಿಸಿಕೊಳ್ಳಬೇಕಾದರೆ ಬೇರನ್ನು ತೊಳೆದು ಮೇಲೊಂದು ಟೋಪಿ ಕೂರಿಸಬೇಕು, ಅದಕ್ಕೆ ಹಲವು ಸಲ ಕೂರಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ಮಾವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಳಿಯುವ ಹಕ್ಕು ಇಲ್ಲಿಯೇ ಖರ್ಚಾಗಿತ್ತು. ಮೇಲಧಿಕಾರಿಗಳ ದರ್ಶನವಂತೂ ಕೈತಪ್ಪಿತು. ಇನ್ನು ಎರಡು ದಿನ ಮುಗಿದೊಡನೆ ಟಿಕೆಟ್ಟಿನ ಮಾನವನ್ನಾದರೂ ಉಳಿಸಿ ಹೊರಡುವುದೆಂದು ಅವರ ನಿರ್ಧಾರ. ಬರುತ್ತೇವೆಂದು ತಾವು ಮೊದಲೇ ಕಾಗದ ಬರೆದಿದ್ದ ಮೇಲಧಿಕಾರಿಗಳಿಗೆ, ಈಗ ಬರಲಾಗುವುದಿಲ್ಲವೆಂದು ಅತ್ತೆಯಿಂದ ಫೋನು ಮಾಡಿಸಿದರು. ಅತ್ತೆ ಮಾತಾಡಿ ಬಂದು, “ಪಾಪ, ಒಳ್ಳೆಯವರು. ಅವಸರ ಏನೂ ಇಲ್ಲ, ಬರದಿದ್ರೂ ಬೇಜಾರಿಲ್ಲ, ಅಂತ ಎರಡೆರಡು ಸಲ ಹೇಳಿದ್ರು” ಎಂದರು. ಮಾವ ಆ ಮಾತನ್ನು ಬಹಳ ಹೊತ್ತು ಮನಸ್ಸಿನಲ್ಲಿ ತಿರುವಿ ಹಾಕಿದರು. ಯಾವ ಕಡೆಯಿಂದ ನೋಡಿದರೂ ಅದು ಹೊಗಳಿಕೆಯಂತೆ ಕಾಣಲಿಲ್ಲ.

ಎರಡು ದಿನ ತಂಗಿಯ ಮನೆಯಲ್ಲಿ ದೀಪ ಆರಿದ್ದೇ ಅಪರೂಪ. ಅಕ್ಕತಂಗಿಯರು ಬೀರು ತೆರೆದು ಹಳೆಯ ಬಟ್ಟೆಗಳನ್ನೆಲ್ಲ ಹರವಿಕೊಂಡರು, ಸತ್ತವರನ್ನು ನೆನೆದು ಅತ್ತರು, ಬದುಕಿರುವವರನ್ನು ನೆನೆದು ನಕ್ಕರು. ಮಾವನ ಪಾಲಿಗೆ ಗಂಜಿಯಂಥ ಊಟ, ಕಾಲ ಬುಡದಲ್ಲಿ ನಾಯಿ. ಅದೊಂದೇ ಜೀವ ಅವರ ಮಾತನ್ನು ಕೊನೆಯವರೆಗೆ ಕೇಳುತ್ತಿತ್ತು. ಅತ್ತೆ ಓಹೋದ ವಿಷಯವನ್ನು ಎತ್ತಲೇ ಇಲ್ಲ. ಎತ್ತದೆ ಇಟ್ಟುಕೊಂಡಿದ್ದಾರೆಂದು ಮಾವನಿಗೆ ಗೊತ್ತಿತ್ತು.

ಮೂರನೆಯ ಬೆಳಗ್ಗೆ ಎಲ್ಲರೂ ಸ್ಟೇಷನ್ನಿಗೆ ಬಂದರು. ಒಳಗೆ ಬಿಡುವಾತ ಟಿಕೆಟ್ಟಿನ ಬೆನ್ನು ತಿರುಗಿಸಿ ನೋಡಿ, ಸ್ಟೇಷನ್ ಮಾಸ್ತರರ ಕೋಣೆಯ ಕಡೆಗೆ ಕೈ ತೋರಿಸಿದ. ಸ್ಟೇಷನ್ ಮಾಸ್ತರರು ತೆಳ್ಳಗಿನ, ಚೊಕ್ಕಟವಾದ ಮನುಷ್ಯರು. ಮೇಜಿನ ಮೇಲೆ ಪೆನ್ನು, ಮುದ್ರೆ, ಮಸಿಪೆಟ್ಟಿಗೆ ಸೈನಿಕರಂತೆ ಸಾಲಾಗಿದ್ದವು. ಬೇರೆ ಯಾವ ದಿನವಾದರೂ ಮಾವ ಅವರನ್ನು ಅಪ್ಪಿಕೊಳ್ಳುತ್ತಿದ್ದರು.

“ಇಳಿದ ಕೂಡಲೇ ಮುದ್ರೆ ಹಾಕಿಸಬೇಕಿತ್ತು. ಹಾಕಿಸಿಲ್ಲ. ಈ ಟಿಕೆಟ್ಟು ಇನ್ನು ನಡೆಯಲ್ಲ.”

ಮಾವನ ಬಾಯಿ ಇನ್ನೂ ಪೂರ್ತಿ ತೆರೆಯುತ್ತಿರಲಿಲ್ಲ. ಅವರು ಕೆನ್ನೆ ತೋರಿಸಿದರು, ಹಲ್ಲು ತೋರಿಸಿದರು, ಡಾಕ್ಟರನ್ನು ತೋರಿಸಿದರು. ಕಡೆಗೆ, ಜೀವಮಾನದಲ್ಲಿ ಮೊದಲ ಸಲ, ಒಬ್ಬ ಅಧಿಕಾರಿಯ ಎದುರು ಕೈಮುಗಿದು, “ಸ್ವಲ್ಪ ದಯೆ ತೋರಿಸಿ” ಎಂದು ತೊದಲಿದರು.

ಸ್ಟೇಷನ್ ಮಾಸ್ತರರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು.

“ದಯೆಗೆ ಕಲಂ ಇಲ್ಲ ಸ್ವಾಮಿ” ಎಂದರು.

ಡಾಕ್ಟರು ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಬಹು ಆಸಕ್ತಿಯಿಂದ ಓದತೊಡಗಿದರು. ಅವರ ಭುಜ ಮಾತ್ರ ಕುಲುಕುತ್ತಿತ್ತು. ನಾಯಿ ಒಮ್ಮೆ ಮಾವನನ್ನೂ ಒಮ್ಮೆ ಸ್ಟೇಷನ್ ಮಾಸ್ತರರನ್ನೂ ನೋಡಿ, ಇದನ್ನು ಎಲ್ಲೋ ಕೇಳಿದ್ದೇನಲ್ಲ ಎಂಬಂತೆ ಕಿವಿ ನಿಮಿರಿಸಿತು.

ಹೊರಗೆ ಬಂದ ಮೇಲೆ ಮಾವ ಬೆಂಚಿನ ಮೇಲೆ ಕುಸಿದು, ಹೆಂಡತಿಯ ಕಡೆ ಆಪಾದನೆಯ ನೋಟ ಬೀರಿದರು. ಅತ್ತೆ ಆಗ ಒಂದು ಕೈ ಎತ್ತಿ, ಅಂದು ಮಾವ ಬೀಸಿದಂತೆಯೇ, ಇಡೀ ರೈಲು ಇಲಾಖೆಯನ್ನು ಆಚೆ ತಳ್ಳುವಂತೆ ಬೀಸಿ ತೋರಿಸಿದರು. “ನಾನು ಕೇಳಿದೆ. ನೀವು ಹೀಗಂದ್ರಿ.”

ಮಾವ ತಲೆ ತಗ್ಗಿಸಿದರು.

“ಅಲ್ಲ ರೀ, ಒಂದು ಸಂದೇಹ” ಎಂದರು ಅತ್ತೆ, ಪಕ್ಕದಲ್ಲಿ ಕೂತು, ಬಹಳ ಮೃದುವಾಗಿ. “ಎರಡೇ ದಿನ ಇರಬೇಕು ಅನ್ನೋದು ಬದುಕಿರೋ ಟಿಕೆಟ್ಟಿಗೆ ತಾನೆ?”

ಮಾವ ಹೂಂಗುಟ್ಟಿದರು.

“ಸತ್ತ ಟಿಕೆಟ್ಟಿಗೆ ಎಷ್ಟು ದಿನ ಅಂತ ಕಲಂ ಇದೆ?”

ಮಾವ ಯೋಚಿಸಿದರು. ಕಿರುಹೊತ್ತಗೆಯ ಪುಟಪುಟವೂ ಅವರ ಕಣ್ಣಮುಂದೆ ಸರಿಯಿತು. ಮುಖಪುಟದಿಂದ ಹಿಂಬದಿಯ ಜಾಹೀರಾತಿನವರೆಗೆ ಎಲ್ಲಿಯೂ ಅಂಥ ಕಲಂ ಇರಲಿಲ್ಲ.

“ಇಲ್ಲ” ಎಂದರು. ಖಾಲಿ ಬಿಡುವಂತಿರಲಿಲ್ಲವಲ್ಲ.

ತಂಗಿ ಆಗಲೇ ಸಾಮಾನುಗಳನ್ನು ಮತ್ತೆ ಗಾಡಿಗೆ ಏರಿಸುತ್ತಿದ್ದಳು. ಮಗಳಿಗೆ ಫೋನು ಹೋಯಿತು. ಅವಳು, ಅಪ್ಪನ ಹಲ್ಲು ಸರಿಯಾಗುವವರೆಗೆ ಅಲ್ಲೇ ಇರಿ, ನಾನೇ ಮಕ್ಕಳನ್ನು ಕರಕೊಂಡು ಅಲ್ಲಿಗೆ ಬರುತ್ತೇನೆ, ಚಿಕ್ಕಮ್ಮನನ್ನು ನೋಡಿ ನನಗೂ ಎಷ್ಟು ಕಾಲವಾಯಿತು ಎಂದಳು. ಹಳಿಯ ಆ ಕೊನೆಯಲ್ಲಿದ್ದ ಊರೇ ಎದ್ದು ಮಧ್ಯದ ಸ್ಟೇಷನ್ನಿಗೆ ಬಂದುಬಿಟ್ಟಿತು. ಇನ್ನು ಪ್ರಯಾಣಕ್ಕೆ ಕಾರಣವೇ ಉಳಿಯಲಿಲ್ಲ.

ಮಧ್ಯಾಹ್ನ ಮಾವ ಮತ್ತೆ ಉದ್ದನೆಯ ಕುರ್ಚಿಯಲ್ಲಿ ಮಲಗಿದ್ದರು. ಬಾಯಿ ತೆರೆದಿತ್ತು, ದೀಪ ಉರಿಯುತ್ತಿತ್ತು, ಬೇರು ತೊಳೆಯುವ ಯಂತ್ರ ಗುಂಯ್ ಎನ್ನುತ್ತಿತ್ತು. ಒಳಮನೆಯಿಂದ ಅಕ್ಕತಂಗಿಯರು ರಸ್ಕನ್ನು ಚಹಾದಲ್ಲಿ ಅದ್ದಿ ತಿನ್ನುತ್ತ ನಗುವುದು ಕೇಳುತ್ತಿತ್ತು. ಒಂದು ಗಳಿಗೆಗೆ ಮಾವನಿಗೆ ಇದೆಲ್ಲ ಸಾಕೆನಿಸಿತು. ಅವರು ಕೈ ಎತ್ತಿ ಡಾಕ್ಟರನ್ನು ತಡೆದು, ಬಾಯೊಳಗಿನ ಹತ್ತಿಯ ಸಂದಿಯಿಂದ, ಇವತ್ತಿಗೆ ಇಷ್ಟು ಸಾಕು, ಉಳಿದದ್ದು ಮುಂದೆ ಯಾವಾಗಲಾದರೂ ನೋಡೋಣ, ನಾನು ಇಳೀತೀನಿ ಎಂದು ಹೇಗೋ ತಿಳಿಸಿ, ಒಂದು ಕಾಲನ್ನು ಕುರ್ಚಿಯಿಂದ ಕೆಳ ಹಾಕಿದರು.

ಡಾಕ್ಟರು ಆ ಕಾಲನ್ನು ಮೆಲ್ಲನೆ ಎತ್ತಿ ಮತ್ತೆ ಕುರ್ಚಿಯ ಮೇಲಿಟ್ಟರು.

“ಮಲಕೊಳ್ಳಿ ಭಾವನವರೇ” ಎಂದರು ಪ್ರೀತಿಯಿಂದ, ಯಂತ್ರವನ್ನು ಮತ್ತೆ ಚಾಲೂ ಮಾಡುತ್ತ. “ಇದರಲ್ಲಿ ಮಧ್ಯ ಇಳಿಯೋಕೆ ಅವಕಾಶ ಇಲ್ಲ.”